ಬೆನ್ನಿನಲ್ಲಿ 7 ವಾರ ಇದ್ದ ದವಡೆ

ಆ ರೋಗಿಗೆ 56 ವರ್ಷ. ಎಂಟು ವರ್ಷದ ಹಿಂದೆ ಗಡ್ಡೆ ತೆಗೆಯುವಾಗ ಕೆಳದವಡೆಯ ದೊಡ್ಡ ತುಂಡನ್ನೂ ತೆಗೆಯಬೇಕಾಗಿ ಬಂದಿತ್ತು. ಹೋದ ಮೂಳೆಯ ಉದ್ದ 7 ಸೆಂಟಿಮೀಟರಿಗೂ ಜಾಸ್ತಿ. ಖಾಲಿಯಾದ ಜಾಗಕ್ಕೆ ಸೇತುವೆ ಥರ ಒಂದು ಟೈಟಾನಿಯಂ ಪಟ್ಟಿ ಕೂರಿಸಿದ್ದರು. ಪಟ್ಟಿ ಇದ್ದದ್ದರಿಂದ ಮುಖ ಒಂದು ಮಟ್ಟಿಗೆ ಆಕಾರ ಉಳಿಸಿಕೊಂಡಿತ್ತು. ಅಗಿಯುವುದು ಮಾತ್ರ ಆಗುತ್ತಿರಲಿಲ್ಲ. ಸೂಪು, ಮೆತ್ತಗೆ ಬೇಯಿಸಿದ ಊಟ, ಇಷ್ಟರಲ್ಲೇ ವರ್ಷಗಳು ಕಳೆದಿದ್ದವು.

ಊರು ಜರ್ಮನಿಯ ಉತ್ತರ ತುದಿಯ ಕೀಲ್. ಮೂಳೆಯ ವಿಷಯ ಬರೆಯುವಾಗ ಊರಿನ ಹೆಸರೇ ಕೀಲ್ ಆಗಿರುವುದು ಕನ್ನಡದವರಿಗೆ ತಮಾಷೆಯಾಗಿ ಕಾಣುತ್ತದೆ. ಅಲ್ಲಿನ ಪ್ಯಾಟ್ರಿಕ್ ವಾರ್ನ್ಕೆ, ಹೆಂಡ್ರಿಕ್ ಟೆರ್‌ಹೈಡನ್ ಮತ್ತು ಅವರ ತಂಡ ಈ ರೋಗಿಗೆ ಹೊಸ ದವಡೆಯನ್ನು ಅವರದೇ ಬೆನ್ನಿನ ಸ್ನಾಯುವಿನೊಳಗೆ ತಯಾರು ಮಾಡಿ, 7 ವಾರದ ನಂತರ ಮುಖಕ್ಕೆ ತಂದು ಕೂರಿಸಿತು. 2004ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದರ ವರದಿ ಬಂತು. ಸುದ್ದಿಯವರಿಗೆ ಹಬ್ಬ. ಮನುಷ್ಯನ ಬೆನ್ನಲ್ಲಿ ದವಡೆ ಬೆಳೆಯಿತು ಅಂದರೆ ಯಾರು ತಾನೇ ಓದುವುದಿಲ್ಲ?

ತಲೆಬರಹ ಸುಳ್ಳೇನೂ ಅಲ್ಲ. ಆದರೆ ಈ ಪ್ರಕರಣವನ್ನು ಮತ್ತೆ ಮತ್ತೆ ಓದಿದಾಗ ನನಗೆ ಅನ್ನಿಸಿದ್ದು ಬೇರೆ. ಬೆನ್ನು ಆ ದವಡೆಗೆ ಕೊಟ್ಟ ಮುಖ್ಯ ವಸ್ತು ರಕ್ತದ ದಾರಿ. ಮೂಳೆ ಅದರ ಹಿಂದೆಯೇ ಬಂತು. ಮುಂದೆ ಏನು ಸರಿಹೋಯಿತು, ಏನು ಕೈಕೊಟ್ಟಿತು ಅನ್ನುವುದು ಈ ಕಣ್ಣಿನಿಂದ ನೋಡಿದರೆ ಸರಿಯಾಗಿ ಅರ್ಥವಾಗುತ್ತದೆ.

ಕಾಲಿನ ಮೂಳೆ ಯಾಕೆ ಬೇಡವಾಯಿತು

ದವಡೆಯ ಇಷ್ಟು ದೊಡ್ಡ ತುಂಡು ಹೋದಾಗ ಸಾಮಾನ್ಯವಾಗಿ ಮಾಡುವುದೇನೆಂದರೆ, ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಫಿಬುಲಾ ಎಂಬ ತೆಳ್ಳನೆಯ ಮೂಳೆಯನ್ನು ಅದರ ರಕ್ತನಾಳಗಳ ಸಮೇತ ತೆಗೆಯುವುದು. ದವಡೆಯ ಬಾಗಿಗೆ ತಕ್ಕಂತೆ ಅದನ್ನು ತುಂಡು ಮಾಡಿ ಜೋಡಿಸಿ, ಆ ನಾಳಗಳನ್ನು ಕುತ್ತಿಗೆಯ ನಾಳಗಳಿಗೆ ಹೊಲಿಯುತ್ತಾರೆ. ಜಿ. ಐಯಾನ್ ಟೇಲರ್ ಅವರ ತಂಡ 1975ರಲ್ಲಿ ಫಿಬುಲಾವನ್ನು ಹೀಗೆ ನಾಳಗಳ ಜೊತೆ ಸಾಗಿಸಿದ್ದನ್ನು ವರದಿ ಮಾಡಿತ್ತು. 1989ರಲ್ಲಿ ಡೇವಿಡ್ ಹಿಡಾಲ್ಗೊ ಅದನ್ನು ದವಡೆಗೆ ಬಳಸಿದ್ದನ್ನು ಬರೆದರು. ಅಲ್ಲಿಂದ ಇದೇ ವಾಡಿಕೆ. ಮೈಭಾರವನ್ನು ಹೊರುವುದು ಹೆಚ್ಚಾಗಿ ಪಕ್ಕದ ದಪ್ಪ ಮೂಳೆ. ಹಾಗಾಗಿ ಮೇಲೆ ಕೆಳಗೆ ಸ್ವಲ್ಪ ಸ್ವಲ್ಪ ಬಿಟ್ಟು ನಡುವಿನ ಫಿಬುಲಾ ತೆಗೆದರೂ ಮನುಷ್ಯ ನಡೆಯುತ್ತಾನೆ. ಸೊಂಟದ ಮೂಳೆಯ ಅಂಚನ್ನೂ ತೆಗೆಯಬಹುದು.

ಎರಡರಲ್ಲೂ ಒಂದು ಕಡೆಯ ಗುಂಡಿ ಮುಚ್ಚಲು ಇನ್ನೊಂದು ಕಡೆ ಗುಂಡಿ ತೋಡಿದ ಹಾಗೆ. ಬಹಳಷ್ಟು ಜನ ಇದನ್ನು ತಾಳಿಕೊಳ್ಳುತ್ತಾರೆ. ಈ ರೋಗಿಯ ತೊಂದರೆ ಬೇರೆ ಇತ್ತು. ಅವರ ಹೃದಯದಲ್ಲಿ ಕೃತಕ ಕವಾಟವಿತ್ತು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರು. ವಾರ್ಫರಿನ್ ಮೇಲಿರುವವರ ಮೂಳೆಯನ್ನು ಕಡಿದರೆ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ. ಸ್ನಾಯುವಿನಲ್ಲಿ ರಕ್ತ ಸುರಿದರೆ ಗಂಟು ಹಾಕಬಹುದು, ಸುಡಬಹುದು, ಒತ್ತಿ ಹಿಡಿಯಬಹುದು. ಕಡಿದ ಮೂಳೆಯ ಮೈ ಸ್ಪಂಜಿನ ಥರ. ಎಲ್ಲಿಂದ ಜಿನುಗುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಹಾಗಂತ ಮಾತ್ರೆ ನಿಲ್ಲಿಸಿದರೆ ಕವಾಟಕ್ಕೆ ಅಪಾಯ.

ವರದಿಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಹೊಸದೊಂದು ವಿದ್ಯೆ ಕೈಯಲ್ಲಿದೆ, ಯಾರ ಮೇಲಾದರೂ ಮಾಡಿ ನೋಡೋಣ ಅಂತ ಹೊರಟದ್ದಲ್ಲ. ಎಲ್ಲರೂ ಹೋಗುವ ದಾರಿಯಲ್ಲಿ ಹೋಗಲು ಈ ರೋಗಿಗೆ ತೊಡಕು ಜಾಸ್ತಿ ಇತ್ತು. ಇನ್ನೊಂದು ಕಡೆ ಮೂಳೆಗೆ ಕೈ ಹಾಕದೆ ಹೊಸ ಮೂಳೆ ಪಡೆಯುವುದು ಹೇಗೆ ಅನ್ನುವುದೇ ಪ್ರಶ್ನೆಯಾಯಿತು.

ಕೂದಲೆಳೆಯಷ್ಟು ದೂರ

ಸುಮ್ನೆ ಒಂದು ಜಾಲರಿಗೆ ಮೂಳೆಪುಡಿ ತುಂಬಿ ನೇರ ದವಡೆಗೇ ಇಡಬಹುದಿತ್ತಲ್ಲ? ಇಡಬಹುದಿತ್ತು. ಒಳಗಿರುವುದು ಬದುಕುತ್ತಿತ್ತೇ ಅನ್ನುವುದು ಪ್ರಶ್ನೆ.

ಜೀವಕೋಶ ತನ್ನ ಹತ್ತಿರದ ಸಣ್ಣ ರಕ್ತನಾಳದಿಂದ ಸುಮಾರು 0.1ರಿಂದ 0.2 ಮಿಲಿಮೀಟರಿನ ಒಳಗೆ ಇರಬೇಕು. ಹೆಚ್ಚುಕಡಿಮೆ ಒಂದೆರಡು ಕೂದಲೆಳೆಯ ದಪ್ಪ. ಅದಕ್ಕಿಂತ ದೂರವಾದರೆ ಆಮ್ಲಜನಕ ತಲುಪುವುದಿಲ್ಲ, ಕೋಶ ಸಾಯುತ್ತದೆ. ದವಡೆಯ ಗಾತ್ರದ ಒಂದು ತುಂಡನ್ನು ಮನಸ್ಸಿನಲ್ಲಿ ಅಡ್ಡ ಕತ್ತರಿಸಿ ನೋಡಿ. ಹೊರ ಅಂಚಿನಿಂದ ನಡುವಿಗೆ ಹಲವು ಮಿಲಿಮೀಟರ್. ಎಲ್ಲ ಕಡೆ ಆರೋಗ್ಯವಾದ ಸ್ನಾಯು ಸುತ್ತಿಕೊಂಡಿದ್ದರೆ ಹೊಸ ನಾಳಗಳು ಬೇರಿನ ಥರ ಒಳಗೆ ಹೋಗುತ್ತವೆ, ಆದರೆ ನಿಧಾನವಾಗಿ. ಹಿಂದೊಮ್ಮೆ ಶಸ್ತ್ರಚಿಕಿತ್ಸೆಯಾದ ಬಾಯಿಯ ಪಕ್ಕದಲ್ಲಿ ಅಷ್ಟು ಪುರುಸೊತ್ತು ಸಿಗುವುದು ಕಷ್ಟ. ಸುತ್ತ ಗಾಯದ ಗಟ್ಟಿ ಅಂಗಾಂಶ, ಒಂದು ಗೆರೆ ದೂರದಲ್ಲಿ ಎಂಜಲು ಮತ್ತು ಕೋಟ್ಯಂತರ ಬ್ಯಾಕ್ಟೀರಿಯಾ. ವಿಕಿರಣ ಚಿಕಿತ್ಸೆಯಾದ ಜಾಗವಾದರೆ ಇನ್ನೂ ಕಷ್ಟ, ನಾಳಗಳೇ ಸೊರಗಿರುತ್ತವೆ.

ಅದಕ್ಕೇ ಮೊದಲೇ ತಯಾರು ಮಾಡಿಟ್ಟುಕೊಳ್ಳುವ ಯೋಚನೆ ಬಂದದ್ದು. ಬೇಕಾದ ವಸ್ತುವನ್ನು ಚೊಕ್ಕ ಜಾಗದಲ್ಲಿ, ಒಳ್ಳೆಯ ರಕ್ತ ಓಡಾಡುವ ಕಡೆ ಇಟ್ಟು ಬೇರು ಬಿಡಲು ಬಿಡುವುದು. ಆಮೇಲೆ ಆ ಬೇರಿನ ಸಮೇತ ಕಿತ್ತು ಬೇಕಾದಲ್ಲಿ ನೆಡುವುದು. ಸಸಿಯನ್ನು ಮಣ್ಣಿನ ಹೆಂಟೆಯ ಜೊತೆ ಎತ್ತಿದ ಹಾಗೆ. ಇದಕ್ಕೆ ವೈದ್ಯರು ಪ್ರೀಫ್ಯಾಬ್ರಿಕೇಷನ್ ಅನ್ನುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಇದರಲ್ಲಿ ಎರಡು ಬಗೆ. ಒಂದು ಕಡೆಯ ಚರ್ಮಕ್ಕೋ ಮೂಳೆಗೋ ಬೇರೆಡೆಯ ನಾಳವನ್ನು ತಂದು ಸೇರಿಸಿ ಹೊಸ ರಕ್ತದ ದಾರಿ ಮಾಡಿಕೊಡುವುದು ಪ್ರೀಫ್ಯಾಬ್ರಿಕೇಷನ್. ಒಳ್ಳೆಯ ನಾಳ ಈಗಾಗಲೇ ಇರುವ ಜಾಗಕ್ಕೆ ಚರ್ಮ, ಮೃದ್ವಸ್ಥಿ ಮುಂತಾದ ಪದರಗಳನ್ನು ತಂದು ಅಂಟಿಸುವುದು ಪ್ರೀಲ್ಯಾಮಿನೇಷನ್. ಎರಡನೆಯ ಹೆಸರನ್ನು 1994ರಲ್ಲಿ ಜೂಲಿಯನ್ ಪ್ರಿಬಾಜ್ ಮತ್ತು ನೀಲ್ ಫೈನ್ ಕೊಟ್ಟರು. ಆ ಲೆಕ್ಕಕ್ಕೆ ಕೀಲಿನ ದವಡೆ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಸ್ನಾಯುವಿನ ನಾಳ ಅಲ್ಲೇ ಇತ್ತು, ಮೂಳೆಯ ಸಾಮಾನನ್ನು ಹೊರಗಿನಿಂದ ತಂದರು. ಹೆಸರಿನ ಜಗಳ ಹೆಚ್ಚಿನವರಿಗೆ ಬೇಕಾಗಿಲ್ಲ, ಬಿಡಿ.

ರಕ್ತವನ್ನು ಸಾಲ ತಂದು ಕಾಯುವ ವಿದ್ಯೆ ಹಳೆಯದು. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಪುಣೆಯ ಕಡೆ ನಡೆದ ಮೂಗು ಕಟ್ಟುವ ಶಸ್ತ್ರಚಿಕಿತ್ಸೆಯ ವಿವರ ಅಚ್ಚಾಯಿತು. ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸಿ ಬಿಡಿಸಿ, ಕೆಳಕ್ಕೆ ತಿರುಗಿಸಿ ಮೂಗಾಗಿ ಕೂರಿಸುತ್ತಿದ್ದರು. ಸುಮಾರು 25ನೇ ದಿನ ತೊಟ್ಟು ಕತ್ತರಿಸುತ್ತಿದ್ದರು. ಅಷ್ಟರಲ್ಲಿ ಹೊಸ ಜಾಗದ ರಕ್ತ ಒಳಗೆ ಬಂದಿರುತ್ತಿತ್ತು. ಕೀಲಿನಲ್ಲಿ ಕಾದದ್ದು 7 ವಾರ. ಕಾಯುವುದರ ಹಿಂದಿನ ಕಾರಣ ಅದೇ.

ಗೂಡು ಮತ್ತು ಅದರೊಳಗಿನ ಸಾಮಾನು

ಮೊದಲು ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿದರು. ಕಂಪ್ಯೂಟರಿನಲ್ಲಿ ಖಾಲಿ ಜಾಗಕ್ಕೆ ಸರಿಹೊಂದುವ ದವಡೆಯ ಚಿತ್ರ ಬರೆದರು. ಅದರಿಂದ ನಿಜವಾದ ಅಳತೆಯ ಮಾದರಿ, ಆ ಮಾದರಿಯ ಮೇಲೆ ಟೈಟಾನಿಯಂ ಜಾಲರಿಯ ಗೂಡು. ಒಳಗೆ ಟೊಳ್ಳು, ಹೊರಗೆ ದವಡೆಯ ಆಕಾರ.

ಗೂಡಿನೊಳಗೆ ಹೋದದ್ದು ಮೂರು. ಒಂದು, ಮೂಳೆ ಖನಿಜದ ಗಟ್ಟಿಗಳು. ಹಸುವಿನ ಮೂಳೆಯಿಂದ ಪ್ರೋಟೀನೆಲ್ಲ ತೆಗೆದುಬಿಟ್ಟಾಗ ಉಳಿಯುವ ತೂತು ತೂತಾದ ಬಿಳಿ ಗಟ್ಟಿ. ಅದರಲ್ಲಿ ಜೀವವಿಲ್ಲ, ಹೊಸ ಮೂಳೆ ಹಬ್ಬಲು ಚಪ್ಪರ ಅಷ್ಟೆ. ಎರಡು, 7 ಮಿಲಿಗ್ರಾಂ ಬಿಎಂಪಿ-7 ಎಂಬ ಪ್ರೋಟೀನ್. ಮೂರು, ರೋಗಿಯದೇ 20 ಮಿಲಿಲೀಟರ್ ಅಸ್ಥಿಮಜ್ಜೆ. ಇದನ್ನು ದೊಡ್ಡ ಸೂಜಿಯಿಂದ ಹೀರಿ ತೆಗೆಯಬಹುದು. ಮೂಳೆ ಕಡಿಯುವಷ್ಟು ರಕ್ತಸ್ರಾವ ಇದರಲ್ಲಿಲ್ಲ.

ಈ ಎರಡನೆಯ ವಸ್ತುವಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಮೂಳೆ ವೈದ್ಯರು ಒಂದು ವಿಚಿತ್ರ ತೋರಿಸಿದರು. ಖನಿಜ ತೆಗೆದ ಸತ್ತ ಮೂಳೆಯ ಚೂರನ್ನು ಪ್ರಾಣಿಯ ಸ್ನಾಯುವಿನೊಳಗೆ ಇಟ್ಟರೆ, ಮೂಳೆಗೆ ಸಂಬಂಧವೇ ಇಲ್ಲದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತಿತ್ತು. ಸತ್ತ ಚೂರಿನಲ್ಲಿ ಏನೋ ಒಂದು ಇದೆ, ಅದು ಅಕ್ಕಪಕ್ಕದ ಎಳೆಯ ಕೋಶಗಳಿಗೆ ಮೂಳೆಯಾಗು ಅಂತ ಹೇಳುತ್ತದೆ. ಆ ಏನೋ ಒಂದಕ್ಕೆ ಆಮೇಲೆ ಬೋನ್ ಮಾರ್ಫೊಜೆನೆಟಿಕ್ ಪ್ರೋಟೀನ್ ಅಂತ ಹೆಸರಾಯಿತು, ಅದೇ ಬಿಎಂಪಿ. ನಮ್ಮ ಮೂಳೆಯಲ್ಲಿ ಇದು ಮೈಕ್ರೋಗ್ರಾಂಗಳ ಲೆಕ್ಕದಲ್ಲಿ ಮಾತ್ರ ಇರುತ್ತದೆ. ಪ್ರಯೋಗಾಲಯದಲ್ಲಿ ಜೀನ್ ತಂತ್ರದಿಂದ ತಯಾರಿಸಲು ಬಂದ ಮೇಲೆಯೇ ಮಿಲಿಗ್ರಾಂಗಟ್ಟಲೆ ಬಳಸಲು ಆದದ್ದು. 7 ಮಿಲಿಗ್ರಾಂ ಅಂದರೆ ಕೇಳಲು ಚಿಟಿಕೆಯೂ ಅಲ್ಲ. ದೇಹದ ಲೆಕ್ಕದಲ್ಲಿ ಅದು ಭಾರಿ ಪ್ರಮಾಣ.

ಸ್ನಾಯುವನ್ನೇ ಆರಿಸಿದ್ದರ ಹಿಂದೆಯೂ ಇದೇ ಕಥೆಯಿದೆ. ಸ್ನಾಯುವಿಗೆ ರಕ್ತ ಧಾರಾಳ. ಬಿಎಂಪಿಯ ಮಾತು ಕೇಳುವ ಕೋಶಗಳೂ ಅಲ್ಲಿರುತ್ತವೆ. ಕೀಲಿನ ತಂಡ ಇದಕ್ಕೂ ಮೊದಲು ಗಿಡ್ಡ ತಳಿಯ ಹಂದಿಗಳ ಬೆನ್ನಿನ ಸ್ನಾಯುವಿನಲ್ಲಿ ಬಿಎಂಪಿ-7 ಬಳಸಿ ಮೂಳೆ ಬೆಳೆಸಿ, ಅದನ್ನು ಅವುಗಳ ದವಡೆಗೆ ಸಾಗಿಸಿ ನೋಡಿತ್ತು. ಅಂದರೆ ಸುದ್ದಿಯಲ್ಲಿ ದಿಢೀರನೆ ಬಂದ ಹಾಗೆ ಕಂಡದ್ದರ ಹಿಂದೆ ಹಲವು ವರ್ಷಗಳ ಕೆಲಸ ಇತ್ತು.

ಬೆನ್ನಿನಲ್ಲಿ

ಬೆನ್ನಿನ ಪಕ್ಕದಲ್ಲಿ, ಕಂಕುಳಿನಿಂದ ಸೊಂಟದವರೆಗೆ ಹರಡಿರುವ ಅಗಲವಾದ ಸ್ನಾಯುವಿನ ಹೆಸರು ಲ್ಯಾಟಿಸಿಮಸ್ ಡಾರ್ಸಿ. ಶಸ್ತ್ರಚಿಕಿತ್ಸಕರಿಗೆ ಇದು ಹಳೆಯ ಗೆಳೆಯ. ಕಂಕುಳಿನ ಕಡೆಯಿಂದ ಒಂದು ಅಪಧಮನಿ, ಒಂದು ಅಭಿಧಮನಿ ಒಳಗೆ ಬರುತ್ತವೆ. ಅವೇ ಇಡೀ ಸ್ನಾಯುವಿನ ತೊಟ್ಟು. ತೊಟ್ಟು ಉದ್ದವಾಗಿರುತ್ತದೆ, ನಾಳ ಸಾಕಷ್ಟು ದಪ್ಪ, ಹೆಚ್ಚಿನವರಲ್ಲಿ ಅದೇ ಜಾಗದಲ್ಲೇ ಸಿಗುತ್ತದೆ. ಇಷ್ಟು ನಂಬಿಕಸ್ಥ ತೊಟ್ಟು ಮೈಯಲ್ಲಿ ಕಡಿಮೆ.

ಆ ಸ್ನಾಯುವಿನಲ್ಲಿ ಒಂದು ಚೀಲದ ಥರ ಜಾಗ ಮಾಡಿ, ತುಂಬಿದ ಗೂಡನ್ನು ಒಳಗಿಟ್ಟು ಹೊಲಿದರು. ವಾರ್ಫರಿನ್ ಮೇಲಿರುವವರಿಗೆ ಇದೂ ರಕ್ತಸ್ರಾವದ ಭಯ ಇಲ್ಲದ ಕೆಲಸವಲ್ಲ. ಆದರೆ ಇಲ್ಲಿ ಕತ್ತರಿಸುವುದು ಸ್ನಾಯುವನ್ನು. ಜಿನುಗುವ ಜಾಗ ಕಣ್ಣಿಗೆ ಕಾಣುತ್ತದೆ.

ಆಮೇಲೆ ಕಾಯುವುದು. ಬೆನ್ನಿನ ಬಳಿ ದವಡೆಯ ಆಕಾರದ ಒಂದು ಗಟ್ಟಿ ವಸ್ತು ಹೊತ್ತು 7 ವಾರ. ಮಗ್ಗುಲು ಬದಲಿಸುವಾಗಲೆಲ್ಲ ನೆನಪಾಗುವಂಥದ್ದು. ವರದಿಗಳಲ್ಲಿ ಈ ಕಾಯುವಿಕೆಗೆ ಒಂದು ಸಾಲು ಸಿಕ್ಕರೆ ಹೆಚ್ಚು. ರೋಗಿಗೆ ಅದೇ ಇಡೀ ಅನುಭವ, ಅಲ್ವಾ?

ಒಳಗೆ ನಡೆಯುತ್ತಿದ್ದುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಮೂಳೆಯ ಸಿಂಟಿಗ್ರಫಿ ಮಾಡಿದರು. ಈ ಪರೀಕ್ಷೆಯಲ್ಲಿ ವಿಕಿರಣ ಸೂಸುವ ವಸ್ತುವನ್ನು ಸ್ವಲ್ಪವೇ ಸ್ವಲ್ಪ ರಕ್ತಕ್ಕೆ ಬಿಡುತ್ತಾರೆ. ಮೂಳೆ ಕಟ್ಟುವ ಕೆಲಸ ಎಲ್ಲಿ ಜೋರಾಗಿ ನಡೆಯುತ್ತಿದೆಯೋ ಅಲ್ಲಿ ಅದು ಜಾಸ್ತಿ ಸೇರುತ್ತದೆ. ಕ್ಯಾಮೆರಾದಲ್ಲಿ ಆ ಜಾಗ ಹೊಳೆಯುತ್ತದೆ. ಬೆನ್ನಿನ ಪಕ್ಕದಲ್ಲಿ, ಮೂಳೆಯೇ ಇರಬಾರದ ಕಡೆ, ದವಡೆ ಹೊಳೆಯಿತು. ರಕ್ತ ಹೋಗದ ಕಡೆ ಆ ವಸ್ತುವೂ ಹೋಗುವುದಿಲ್ಲ. ಹಾಗಾಗಿ ನಾಳಗಳು ಒಳಕ್ಕೆ ಹೋಗಿವೆ, ಮೂಳೆ ಕಟ್ಟುವ ಕೆಲಸ ನಡೆದಿದೆ ಎಂಬ ಎರಡು ಸುದ್ದಿ ಒಂದೇ ಚಿತ್ರದಲ್ಲಿ ಬಂದ ಹಾಗಾಯಿತು.

ಮುಖಕ್ಕೆ

ಏಳು ವಾರದ ನಂತರ ಗೂಡನ್ನು ಸುತ್ತಲಿನ ಸ್ನಾಯುವಿನ ಸಮೇತ, ತೊಟ್ಟು ಉಳಿಸಿಕೊಂಡು ಬಿಡಿಸಿದರು. ಹಳೆಯ ಟೈಟಾನಿಯಂ ಪಟ್ಟಿಯ ಜಾಗಕ್ಕೆ ಇದು ಬಂತು.

ಈ ಹಂತವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಕ್ತನಾಳದ ಸಮೇತ ಎತ್ತುವ ಇಂಥ ತುಂಡಿಗೆ ಫ್ಲ್ಯಾಪ್ ಅನ್ನುತ್ತಾರೆ. ಯಾವ ಫ್ಲ್ಯಾಪನ್ನು ಸಾಗಿಸುವಾಗಲೂ ಇದು ಒಂದೇ. ತೊಟ್ಟನ್ನು ಕತ್ತರಿಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಮೂಳೆ, ಚರ್ಮ ರಕ್ತವಿಲ್ಲದೆ ಸ್ವಲ್ಪ ಹೊತ್ತು ತಾಳುತ್ತವೆ. ಸ್ನಾಯುವಿಗೆ ಆ ತಾಳ್ಮೆ ಇಲ್ಲ, ಅದಕ್ಕೆ ಸಿಗುವುದು ಕೆಲವೇ ಗಂಟೆ. ಕುತ್ತಿಗೆಯಲ್ಲಿ ಹೊಂದುವ ನಾಳ ಹುಡುಕಿ, ಮೈಕ್ರೋಸ್ಕೋಪಿನ ಕೆಳಗೆ ಎರಡು ಮೂರು ಮಿಲಿಮೀಟರ್ ಅಗಲದ ಬಾಯಿಗಳನ್ನು ಎದುರುಬದುರು ಇಟ್ಟು ಹೊಲಿಯಬೇಕು. ದಾರ ತಲೆಕೂದಲಿಗಿಂತ ತೆಳು. ಒಂದು ಹೊಲಿಗೆ ಎದುರಿನ ಗೋಡೆಯನ್ನೂ ಕಚ್ಚಿಬಿಟ್ಟರೆ ನಾಳ ಮುಚ್ಚಿಹೋಯಿತು. ಎಲ್ಲ ಆದ ಮೇಲೆ ಕ್ಲಿಪ್ ತೆಗೆಯುತ್ತಾರೆ. ಬಿಳಿಚಿಕೊಂಡಿದ್ದ ಸ್ನಾಯು ಕೆಂಪಾಗುತ್ತದೆ, ಅದರ ಅಂಚಿನಿಂದ ರಕ್ತ ಜಿನುಗಲು ಶುರುವಾಗುತ್ತದೆ. ಬೇರೆಲ್ಲ ಹೊತ್ತಿನಲ್ಲಿ ರಕ್ತ ನಿಂತರೆ ಸಮಾಧಾನ, ಇಲ್ಲಿ ಹರಿದರೆ ಸಮಾಧಾನ.

ಕೀಲಿನ ದವಡೆಗೆ ರಕ್ತ ಹರಿಯಿತು. ಮುಂದೆ ಮಾಡಿದ ಸಿಂಟಿಗ್ರಫಿಯಲ್ಲಿ ಹೊಸ ಜಾಗದಲ್ಲೂ ಅದು ಹೊಳೆಯುತ್ತಲೇ ಇತ್ತು. ಸಿ.ಟಿ.ಯಲ್ಲಿ ಹೊಸ ಮೂಳೆ ಕಂಡಿತು. ನಾಲ್ಕು ವಾರಕ್ಕೆ ರೋಗಿ ಬ್ರೆಡ್ ಮತ್ತು ಸಾಸೇಜ್ ತಿಂದರು. ಮುಖದ ಆಕಾರವೂ ಅವರಿಗೆ ಸಮಾಧಾನ ತಂದಿತ್ತು. ಅವರದೊಂದು ದೂರು ಮಾತ್ರ ಪತ್ರಿಕೆಗಳಲ್ಲಿ ಬಂತು. ಹಲ್ಲಿಲ್ಲದ ಕಾರಣ ಮಾಂಸವನ್ನು ಸಣ್ಣ ಸಣ್ಣ ಚೂರು ಮಾಡಿಕೊಂಡೇ ತಿನ್ನಬೇಕು ಅಂತ. ಸೂಪಿನ ಮನುಷ್ಯ ಇಷ್ಟು ಬೇಗ ಮಾಂಸದ ಚೂರಿನ ಗಾತ್ರದ ಬಗ್ಗೆ ದೂರು ಹೇಳುವುದಕ್ಕಿಂತ ಒಳ್ಳೆಯ ಫಲಿತಾಂಶ ಬೇಕೇ ಅಂತ ನನಗನ್ನಿಸಿತು. ಆದರೆ ಆ ದೂರನ್ನು ನೆನಪಿಟ್ಟುಕೊಳ್ಳಿ.

ಬೆಳೆದದ್ದು ಎಷ್ಟು?

ಈಗ ಸ್ವಲ್ಪ ಅನುಮಾನದ ಮಾತು. ಗೂಡಿನೊಳಗೆ ಇಟ್ಟ ಗಟ್ಟಿಗಳೇ ಮೂಳೆಯ ಖನಿಜ. ಸಿ.ಟಿ.ಯಲ್ಲಿ ಅವು ಮೊದಲ ದಿನವೇ ಬೆಳ್ಳಗೆ ಕಾಣುತ್ತವೆ. ಮುಂದೆ ಬೆಳ್ಳಗೆ ಕಾಣುವುದರಲ್ಲಿ ತಂದಿಟ್ಟದ್ದೆಷ್ಟು, ಬೆಳೆದದ್ದೆಷ್ಟು? ದಟ್ಟಣೆ ಹೆಚ್ಚಿತು ಅಂತ ಅಳತೆ ಮಾಡಿ ಹೇಳಬಹುದು. ಸೂಕ್ಷ್ಮದರ್ಶಕದಲ್ಲಿ ಚೂರನ್ನು ನೋಡಿದಷ್ಟು ಖಾತ್ರಿ ಅದರಿಂದ ಸಿಗುವುದಿಲ್ಲ. ಸುತ್ತ ಲೋಹದ ಜಾಲರಿ ಬೇರೆ, ಅದು ಸ್ಕ್ಯಾನಿನಲ್ಲಿ ಗೆರೆ ಗೆರೆ ಹೊಳಪು ಎಬ್ಬಿಸಿ ಕಣ್ಣು ಕಟ್ಟುತ್ತದೆ.

ಇನ್ನೊಂದು, ಕೆಲಸ ಮಾಡಿದ್ದು ಯಾವುದು? ಬಿಎಂಪಿಯೋ, ಮಜ್ಜೆಯೋ, ಸ್ನಾಯುವೋ, ಎಲ್ಲವೂ ಸೇರಿಯೋ? ಒಬ್ಬನೇ ರೋಗಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಬಿಡಿಸಿ ಹೇಳಲು ಆಗುವುದಿಲ್ಲ. ಇದು ತಂಡದ ತಪ್ಪಲ್ಲ. ರೋಗಿಗೆ ದವಡೆ ಬೇಕಿತ್ತು, ಪ್ರಯೋಗದ ಹೋಲಿಕೆ ಗುಂಪು ಬೇಕಿರಲಿಲ್ಲ. ಒಂದು ಪ್ರಕರಣದಿಂದ ಇಂಥದ್ದು ಮನುಷ್ಯನಲ್ಲಿ ಸಾಧ್ಯ ಅನ್ನಬಹುದು. ಎಷ್ಟು ಸಲ ಸಾಧ್ಯ ಅನ್ನಲಾಗದು. ಲ್ಯಾನ್ಸೆಟ್ ವರದಿಯೂ ಕೊನೆಯಲ್ಲಿ ಸಾಧ್ಯ ಎಂದಷ್ಟೇ ಹೇಳುತ್ತದೆ.

ಬಿಎಂಪಿಯ ಬಗ್ಗೆಯೂ ಒಂದು ಅಳುಕಿದೆ. ಕೋಶಗಳನ್ನು ಬೆಳೆ ಅಂತ ಹುರಿದುಂಬಿಸುವ ವಸ್ತುವನ್ನು ಗಡ್ಡೆ ತೆಗೆದ ಜಾಗಕ್ಕೆ ಹಾಕಲು ಯಾರಿಗಾದರೂ ಯೋಚನೆಯಾಗಬೇಕು. ಈ ರೋಗಿಗೆ ಗಡ್ಡೆ ತೆಗೆದು ಎಂಟು ವರ್ಷ ಕಳೆದಿತ್ತು. ನಿನ್ನೆ ಕ್ಯಾನ್ಸರ್ ತೆಗೆದವರಿಗೆ ಇದೇ ಧೈರ್ಯ ಮಾಡುವುದು ಕಷ್ಟ.

ಆಮೇಲೆ

ಮುಂದಿನ ಕಥೆ 2006ರಲ್ಲಿ ಬಯೋಮೆಟೀರಿಯಲ್ಸ್ ಪತ್ರಿಕೆಯಲ್ಲಿ ಬಂತು. ಮೊದಲ ವರದಿಯನ್ನು ಹಂಚಿಕೊಂಡಷ್ಟು ಜನ ಇದನ್ನು ಓದಲಿಲ್ಲ ಅನ್ನಿಸುತ್ತದೆ. ತಿಂಗಳುಗಳು ಕಳೆದಂತೆ ಜಾಲರಿಯ ಕಡೆಯಿಂದ ತೊಂದರೆ ಬಂತು, ಸೋಂಕೂ ಬಂತು. ಹೊಸ ದವಡೆ ಬಂದ 15 ತಿಂಗಳಿಗೆ ರೋಗಿ ತೀರಿಕೊಂಡರು. ಕಾರಣ ಹೃದಯ ಸ್ತಂಭನ.

ಲೋಹದ ಗೂಡಿನ ಕಷ್ಟ ಊಹಿಸಲು ಕಷ್ಟವಿಲ್ಲ. ದವಡೆ ದಿನಕ್ಕೆ ಎಷ್ಟೋ ಸಲ ಬಾಗುತ್ತದೆ, ತಿರುಚುತ್ತದೆ. ತೆಳು ಲೋಹವನ್ನು ಹಾಗೆ ಬಾಗಿಸುತ್ತಲೇ ಇದ್ದರೆ ಒಂದು ದಿನ ದಣಿಯುತ್ತದೆ. ಭಾರವನ್ನು ಲೋಹವೇ ಹೊತ್ತರೆ ಒಳಗಿನ ಮೂಳೆಗೆ ಕೆಲಸವಿಲ್ಲ. ಕೆಲಸವಿಲ್ಲದ ಮೂಳೆ ಕರಗುತ್ತದೆ. ಇದು ಮೂಳೆಯ ಹಳೆಯ ಸ್ವಭಾವ. ಮೂಳೆ ಗಟ್ಟಿಯಾಗುತ್ತಾ ಬಂದ ಹಾಗೆ ಗೂಡು ಕರಗಿಹೋಗುವಂತಿದ್ದರೆ ಚೆನ್ನಾಗಿತ್ತು. ಟೈಟಾನಿಯಂ ಕರಗುವುದಿಲ್ಲ.

ಸೋಂಕಿನ ವಿಷಯದಲ್ಲಿ ನನ್ನ ಅನುಮಾನ ಬೇರೆ ಕಡೆ ಹೋಗುತ್ತದೆ, ಒಳಪದರದ ಕಡೆ. ಮೂಳೆಗೆ ಇಷ್ಟೆಲ್ಲ ತಯಾರಿ ನಡೆಯಿತು. ಬಾಯಿಯ ಕಡೆಗೆ ಬರುವ ಚರ್ಮದ ಪದರಕ್ಕೆ ಆ ಥರದ ತಯಾರಿ ಇರಲಿಲ್ಲ. ಗೂಡಿನ ಜೊತೆ ಬಂದದ್ದು ಸ್ನಾಯುವಿನ ಹೊದಿಕೆ. ನರದ ಸಂಪರ್ಕ ಕಳೆದುಕೊಂಡ ಸ್ನಾಯು ದಿನ ಕಳೆದಂತೆ ಸೊರಗಿ ತೆಳ್ಳಗಾಗುತ್ತದೆ. ಎಂಜಲಿಗೂ ಲೋಹಕ್ಕೂ ನಡುವಿನ ಗೋಡೆ ತೆಳ್ಳಗಾದಷ್ಟೂ ಅಪಾಯ ಹತ್ತಿರ. 2006ರಲ್ಲೇ ಪ್ರಕಟವಾದ ಇನ್ನೊಂದು ಪ್ರಕರಣದಲ್ಲಿ ಎದೆಯ ಸ್ನಾಯುವಿನಲ್ಲಿ ಬಿಎಂಪಿ-7 ಬಳಸಿಯೇ ಮೂಳೆ ತಯಾರು ಮಾಡಿ ದವಡೆಗೆ ತಿರುಗಿಸಿದ್ದರು. ಅದನ್ನೂ ಕೆಡಿಸಿದ್ದು ಸೋಂಕೇ. 2009ರಲ್ಲಿ ಫಿನ್ಲೆಂಡಿನ ತಂಡವೊಂದು ರೋಗಿಯ ಕೊಬ್ಬಿನಿಂದ ತೆಗೆದ ಕಾಂಡಕೋಶ, ಬಿಎಂಪಿ-2 ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳನ್ನು ಟೈಟಾನಿಯಂ ಗೂಡಿನಲ್ಲಿ ತುಂಬಿ, ಹೊಟ್ಟೆಯ ಸ್ನಾಯುವಿನಲ್ಲಿ 8 ತಿಂಗಳು ಇಟ್ಟು ಮೇಲ್ದವಡೆ ಕಟ್ಟಿತು. ಕಾಯುವ ಕಾಲ 7 ವಾರದಿಂದ 8 ತಿಂಗಳಿಗೆ ಹೋದದ್ದನ್ನು ಗಮನಿಸಿ.

ಚರ್ಮವನ್ನು ಮೊದಲು ಯೋಚಿಸಿದವರು

ಇದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಡೆನ್ನಿಸ್ ರೋನರ್ ಮತ್ತು ಜೊತೆಯವರು ಇನ್ನೊಂದು ದಾರಿ ಹಿಡಿದಿದ್ದರು. ಅವರದು ಮೂಳೆ ಬೆಳೆಸುವ ಕೆಲಸವಲ್ಲ. ಕಾಲಿನ ಫಿಬುಲಾವನ್ನೇ ಬಳಸುತ್ತಾರೆ, ಆದರೆ ಕಾಲಿನಲ್ಲಿ ಇರುವಾಗಲೇ ಅದನ್ನು ಬಾಯಿಗೆ ಸಿದ್ಧ ಮಾಡುತ್ತಾರೆ. ಯೋಜನೆ ಶುರುವಾಗುವುದು ಹಲ್ಲಿನಿಂದ. ಹೊಸ ಹಲ್ಲುಗಳು ಎದುರಿನ ಹಲ್ಲಿಗೆ ಎಲ್ಲಿ ಕೂಡಬೇಕು ಅಂತ ಮೊದಲು ನಿಶ್ಚಯ. ಅದಕ್ಕೆ ಇಂಪ್ಲಾಂಟ್, ಅಂದರೆ ಕೃತಕ ಹಲ್ಲನ್ನು ಹಿಡಿದುಕೊಳ್ಳಲು ಮೂಳೆಯೊಳಗೆ ಕೂರಿಸುವ ಲೋಹದ ಬೇರು, ಎಲ್ಲಿರಬೇಕು, ಅದಕ್ಕೆ ಮೂಳೆಯನ್ನು ಎಲ್ಲಿ ತುಂಡು ಮಾಡಬೇಕು ಅಂತ ಹಿಂದಕ್ಕೆ ಲೆಕ್ಕ.

ಮೊದಲ ಸಲ ಕಾಲು ತೆರೆದು, ಅಳತೆಯ ಅಚ್ಚು ಇಟ್ಟು ಮೂಳೆಗೆ ಇಂಪ್ಲಾಂಟ್ ಕೂರಿಸುತ್ತಾರೆ. ಅದರ ಮೇಲೆ ತೊಡೆ ಮುಂತಾದ ಕಡೆಯಿಂದ ಹೆರೆದ ತೆಳ್ಳನೆಯ ಚರ್ಮವನ್ನು ಹೊದಿಸುತ್ತಾರೆ. ಸುತ್ತಲಿನ ಅಂಗಾಂಶ ಅಂಟದಿರಲು ಮೇಲೊಂದು ಗೋರ್‌ಟೆಕ್ಸ್ ಎಂಬ ಕೃತಕ ವಸ್ತುವಿನ ಹಾಳೆ. ಹೊಲಿದು ಸುಮಾರು 6 ವಾರ ಬಿಡುತ್ತಾರೆ. ಆ ಹೊತ್ತಿಗೆ ಇಂಪ್ಲಾಂಟ್ ಮೂಳೆಗೆ ಕಚ್ಚಿಕೊಂಡಿರುತ್ತದೆ, ಚರ್ಮ ಮೂಳೆಯ ಮೇಲೆ ಬಿಗಿಯಾಗಿ ಅಂಟಿರುತ್ತದೆ. ಎರಡನೆಯ ಸಲ ಮೂಳೆಯನ್ನು ತುಂಡು ಮಾಡಿ, ಹಲ್ಲಿನ ಸೆಟ್ಟಿಗೆ ತಿರುಗಿಸಿ ಬಿಗಿದು, ಎಲ್ಲವನ್ನೂ ಒಟ್ಟಿಗೆ ಮುಖಕ್ಕೆ ತರುತ್ತಾರೆ. ಮೂಳೆ ಎಲ್ಲಿ ಕೂರಬೇಕು ಅನ್ನುವುದನ್ನು ಹಲ್ಲು ಎದುರಿನ ಹಲ್ಲಿಗೆ ಕೂಡುವ ರೀತಿಯೇ ಹೇಳುತ್ತದೆ.

ಆ ತೆಳು ಚರ್ಮದ ಮಹತ್ವ ಬಾಯಿಯೊಳಗೆ ಗೊತ್ತಾಗುತ್ತದೆ. ಮಾಮೂಲಿ ಫಿಬುಲಾ ಫ್ಲ್ಯಾಪಿನಲ್ಲಿ ಮೂಳೆಯ ಜೊತೆ ಕಾಲಿನ ಚರ್ಮದ ಒಂದು ತುಂಡೂ ಬರುತ್ತದೆ. ಅದು ದಪ್ಪ, ಕೆಳಗೆ ಕೊಬ್ಬು, ಕೆಲವೊಮ್ಮೆ ರೋಮ. ಮೂಳೆಯ ಮೇಲೆ ಅಲ್ಲಾಡುತ್ತಿರುತ್ತದೆ. ಅದರ ಮೂಲಕ ಇಂಪ್ಲಾಂಟ್ ಹೊರಬಂದರೆ ಸುತ್ತ ಕೆಂಪು ಮಾಂಸ ಬೆಳೆದು ಊದಿಕೊಳ್ಳುತ್ತದೆ. ಬಿಗಿಯಾಗಿ ಅಂಟಿದ ತೆಳು ಚರ್ಮ ಅಲ್ಲಾಡುವುದಿಲ್ಲ, ಸಹಜ ಒಸಡಿಗೆ ಹೆಚ್ಚು ಹತ್ತಿರ.

ಚರ್ಮಕ್ಕೇ ಹೊಸ ನಾಳ ಕೊಟ್ಟು ಸಾಗಿಸುವವರ ಅನುಭವದಿಂದಲೂ ಕಲಿಯುವುದಿದೆ. ಸುಟ್ಟ ಮುಖಕ್ಕೆ ಬಣ್ಣ ಹೊಂದುವ ಚರ್ಮ ಬೇಕಾದಾಗ, ಬೇರೆಡೆಯ ನಾಳದ ಕಟ್ಟನ್ನು ಕುತ್ತಿಗೆಯ ಚರ್ಮದ ಕೆಳಗೆ ತಂದು ಹೂಳುತ್ತಾರೆ. ಕೆಳಗೊಂದು ಸಿಲಿಕೋನ್ ಚೀಲ ಇಟ್ಟು ವಾರಗಟ್ಟಲೆ ಸ್ವಲ್ಪ ಸ್ವಲ್ಪ ನೀರು ತುಂಬಿ ಚರ್ಮ ಹಿಗ್ಗಿಸುತ್ತಾರೆ. ಸಾಗಿಸಿದ ಮೇಲೆ ಮೊದಲ ಕೆಲವು ದಿನ ಅದು ನೀಲಿಯಾಗುವುದು ಸಾಮಾನ್ಯ. ಒಳಗೆ ಬರುವ ದಾರಿ ಬೇಗ ತೆರೆದುಕೊಂಡರೂ ಹೊರಗೆ ಹೋಗುವ ದಾರಿ ಸಾಲದೆ ರಕ್ತ ತುಂಬಿಕೊಳ್ಳುತ್ತದೆ. ಕೆಲವೊಮ್ಮೆ ಜಿಗಣೆ ಬಿಟ್ಟು ಇಳಿಸಬೇಕಾಗುತ್ತದೆ. ಹೌದು, ಇವತ್ತಿನ ಆಸ್ಪತ್ರೆಯಲ್ಲೂ ಜಿಗಣೆ.

ರೋನರ್ ದಾರಿಗೆ ತನ್ನದೇ ಬೆಲೆಯಿದೆ. 6 ವಾರ ಕಾಯುವಂತಿರಬೇಕು. ಹಳೆಯ ಗಾಯ, ಅಪಘಾತ, ಸಾಧಾರಣ ಗಡ್ಡೆ ಆದರೆ ಕಾಯಬಹುದು. ಬೆಳೆಯುತ್ತಿರುವ ಕ್ಯಾನ್ಸರನ್ನು ಬಾಯಲ್ಲಿಟ್ಟುಕೊಂಡು ಕಾಲಿನಲ್ಲಿ ಚರ್ಮ ಅಂಟುವವರೆಗೆ ಕೂರಲು ಆಗುವುದಿಲ್ಲ. ಅಂಥವರಿಗೆ ಮೊದಲು ಗಡ್ಡೆ ತೆಗೆದು, ಕಟ್ಟುವ ಕೆಲಸವನ್ನು ಮುಂದಕ್ಕೆ ಹಾಕಬೇಕು.

ಕೀಲಿನ ರೋಗಿಗೆ ಕಾಯಲು ಕಾಲವಿತ್ತು, ಆದರೆ ಅವರ ಕಾಲಿನ ಮೂಳೆಗೆ ಕೈ ಹಾಕುವುದು ಅಪಾಯವಾಗಿತ್ತು. ಅವರು ಕೇಳಿದ್ದು ಹಲ್ಲು. ಹಲ್ಲಿಗೆ ಇಂಪ್ಲಾಂಟ್ ಬೇಕು, ಇಂಪ್ಲಾಂಟಿಗೆ ಗಟ್ಟಿ ಮೂಳೆ ಬೇಕು, ಅದರ ಸುತ್ತ ಅಲ್ಲಾಡದ ಚರ್ಮ ಬೇಕು. 7 ವಾರದಲ್ಲಿ ಅವರ ಬೆನ್ನು ತಯಾರು ಮಾಡಿ ಕೊಟ್ಟದ್ದು ಇದರಲ್ಲಿ ಮೂಳೆಯನ್ನು ಮಾತ್ರ.